ಸೀಸೆ ಆರಿಸಿದ ಬೇಸಿಗೆ

ಸುದ್ದಿ ಬಂದ ದಿನ ನಾನು ಹೊಳೆಯಾಚೆಯ ಮಠದಲ್ಲಿ ಪುರಾಣ ಓದುತ್ತಿದ್ದೆ. ವೈಶಾಖದ ಬಿಸಿಲು. ಜನ ಸೆರಗಿನಿಂದ, ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ ಕೂತಿದ್ದರು. ಮಗ ಕೊಟ್ರಯ್ಯ ಬಾಗಿಲಿಗೆ ಬಂದು ನಿಂತ, ಒಳಗೆ ಬರಲಿಲ್ಲ. ನಮ್ಮ ಮನೆತನದಲ್ಲಿ ಅಧ್ಯಾಯದ ನಡುವೆ ಪುಸ್ತಕ ಮುಚ್ಚಿದವರಿಲ್ಲ. ನನ್ನ ತಂದೆ ಚಳಿಜ್ವರದಲ್ಲಿ ನಡುಗುತ್ತಲೇ ಮಂಗಳದವರೆಗೆ ಓದಿ ಎದ್ದವರು. ಅದು ಕೊಟ್ರಯ್ಯನಿಗೂ ಗೊತ್ತು. ಆದರೂ ಅವನು ನಿಂತಲ್ಲಿಂದಲೇ, "ಅಪ್ಪಾ, ಪುಸ್ತಕ ಮುಚ್ಚು," ಎಂದ.

ನಾನು ಮುಚ್ಚಿದೆ.

"ಗಂಗಿ ಹೋದ್ಳು."

ಗಂಗಿ ಎಂದರೆ ಗಂಗಾಂಬಿಕೆ, ಅವನ ಹಿರಿಯ ಮಗಳು, ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಕೂಸು. ನಾನು ಊರು ಬಿಡುವ ದಿನ ನನ್ನ ಜೋಳಿಗೆಯ ತುದಿ ಹಿಡಿದುಕೊಂಡು ಹೊಳೆಯ ದಂಡೆಯವರೆಗೂ ಬಂದಿದ್ದಳು. "ಅಜ್ಜಾ, ಬರೂವಾಗ ಮಠದ ಪ್ರಸಾದ ತಾ. ನೀಲಿಗೆ ತರಬ್ಯಾಡ, ಅಕಿಗೆ ಹಲ್ಲಿಲ್ಲ," ಎಂದಿದ್ದಳು. ನೀಲಿ ಅವಳ ತಂಗಿ, ಆಗ ಇನ್ನೂ ಅಂಬೆಗಾಲಿಡುತ್ತಿದ್ದ ಮಗು.

ದೋಣಿಯಲ್ಲಿ ಕೂತ ಮೇಲೆ ಕೊಟ್ರಯ್ಯನ ಬಾಯಿಂದ ಒಂದೊಂದೇ ಮಾತು ಬಂತು. ಹೊಟ್ಟೆ ನೋವು ಎನ್ನುತ್ತಿದ್ದಳಂತೆ. ಜಂತು ಇರಬೇಕೆಂದು ಔಡಲೆಣ್ಣೆ ಕುಡಿಸಿದರಂತೆ. ಆಮೇಲೆ ವಾಂತಿ, ಆಮೇಲೆ ಮೈ ಸೆಟೆದುಕೊಂಡು ಕಣ್ಣು ಮೇಲಾಯಿತಂತೆ. ದೊಡ್ಡ ದವಾಖಾನೆಗೆ ಹೊತ್ತೊಯ್ದರೂ ಮಾತಾಡಲಿಲ್ಲ.

"ಡಾಕ್ಟರ್ ಬಾಯಿ, ಆ ಹೆಣ್ಮಗಳು, ರಕ್ತ ನೋಡಿ ಕೂಸಿನ ಮೈತುಂಬ ಸೀಸ ಐತಿ ಅಂದ್ಲು," ಎಂದ ಕೊಟ್ರಯ್ಯ. ನನ್ನ ಕಡೆ ತಿರುಗಿದಾಗ ಅವನ ಮುಖ ತಪ್ಪು ಲೆಕ್ಕ ಮಾಡಿ ಗುರುಗಳ ಮುಂದೆ ನಿಂತ ಹುಡುಗನ ಮುಖದಂತಿತ್ತು. "ಅಪ್ಪಾ, ನಾವು ಎಲ್ಲಾ ಆರಿಸಿ ತಗದಿದ್ವಲ್ಲ. ಒಂದು ಚೂರೂ ಬಿಟ್ಟಿರಲಿಲ್ಲ. ಅಕಿ ಮೈಯಾಗ ಸೀಸೆ ಹ್ಯಾಂಗ ಹೋತು?"

"ಯಾವ ಸೀಸೆ?"

"ಮಣ್ಣಿನಾಗ ಸೀಸೆ ಅದಾವು ಅಂತ ಡಂಗುರ ಹೊಡದಿದ್ರಲ್ಲ, ನೀ ಈ ಕಡೆ ಬಂದ ಮ್ಯಾಲೆ. ಓಣಿ ಮಂದಿ ಎಲ್ಲಾ ಸೇರಿ ಅಂಗಳದ ಮಣ್ಣು ಜರಡಿ ಹಿಡದ್ವಿ. ಒಡದ ಬಾಟ್ಲಿ, ಗಾಜಿನ ಚೂರು, ಬಳಿ ಚೂರು ಎಲ್ಲಾ ತಗದ್ವಿ. ಸಣ್ಣ ಚೂರು ದೊಡ್ಡವರ ಕೈಗೆ ಸಿಗೂದಿಲ್ಲ ಅಂತ ಮಕ್ಕಳನ್ನ ಕುಂದರಿಸಿದ್ವಿ. ಗಂಗಿ ಭಾಳ ಚಂದ ಆರಿಸ್ತಿದ್ಳು."

ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿ ನಮ್ಮನ್ನೇ ನೋಡುತ್ತಿದ್ದ. ಅವನ ಕಾಲ ಬಳಿ ಬಲೆ ಮಡಿಚಿ ಇಟ್ಟಿತ್ತು. ನಾನು ಬಲೆಯ ಅಂಚು ಎತ್ತಿ, ಅಲ್ಲಿ ಕಟ್ಟಿದ್ದ ಕಪ್ಪು ಗುಂಡನ್ನು ಮಗನ ಅಂಗೈಯಲ್ಲಿ ಇಟ್ಟೆ.

"ಕೊಟ್ರಾ, ಸೀಸ ಅಂದ್ರ ಇದು. ಸೀಸೆ ಅಲ್ಲ."

ಅವನು ಆ ಗುಂಡನ್ನು ಬೆರಳುಗಳ ನಡುವೆ ತಿರುಗಿಸಿ ನೋಡಿದ. ದೋಣಿ ತಾನಾಗಿಯೇ ಹರಿವಿನ ಜೊತೆ ಹೋಗುತ್ತಿತ್ತು.

ನಮ್ಮ ಊರಿನ ಹಳೆಯ ಮನೆಗಳು ವರ್ಷಕ್ಕೊಮ್ಮೆ ಪೊರೆ ಬಿಡುತ್ತವೆ. ಶಿವರಾತ್ರಿ ಕಳೆದು ಬಿಸಿಲೇರಿದಾಗ ಮೊದಲು ಬಾಗಿಲ ಚೌಕಟ್ಟಿನ ಹತ್ತಿರ ಬಣ್ಣ ಎದ್ದು ನಿಲ್ಲುತ್ತದೆ, ಆಮೇಲೆ ಗೋಡೆಯ ಮೈಯೆಲ್ಲ ಸಡಿಲಾಗಿ ಸುರುಳಿ ಸುತ್ತಿ ಕೆಳಗೆ ಬೀಳುತ್ತದೆ. ಒಳಗಿನಿಂದ ಹೊಸ ಬಣ್ಣ ಹೊಳೆಯುತ್ತದೆ. ಹೋದ ವರ್ಷ ಹಸಿರಾಗಿದ್ದ ಮನೆ ಈ ವರ್ಷ ಹಳದಿ, ಬರುವ ವರ್ಷ ಏನೋ ಶಿವನೇ ಬಲ್ಲ. ಆ ದಿನಗಳಲ್ಲಿ ನಾವು ಗೋಡೆಗೆ ಒರಗುವುದಿಲ್ಲ, ಮೊಳೆ ಹೊಡೆಯುವುದಿಲ್ಲ, ಮನೆ ಬಾಣಂತಿಯಂತಿದೆ ಎಂದು ಮೆಲ್ಲಗೆ ಮಾತಾಡುತ್ತೇವೆ. ಹೆಣ್ಣು ನೋಡಲು ಬಂದವರು ಹೊಲ ಎಷ್ಟು ಎಂದು ಕೇಳುವ ಮುಂಚೆ, "ನಿಮ್ಮದು ಎಷ್ಟು ಪೊರೆ ಕಂಡ ಮನಿ?" ಎಂದು ಕೇಳುತ್ತಾರೆ. ಹೊಸ ಬಡಾವಣೆಯ ಮನೆಗಳು ಪೊರೆ ಬಿಡುವುದಿಲ್ಲ. ಅಲ್ಲಿಗೆ ಹೆಣ್ಣು ಕೊಡುವವರು ಒಂದು ನಿಟ್ಟುಸಿರು ಬಿಟ್ಟೇ ಕೊಡುತ್ತಾರೆ.

ಬಿದ್ದ ಪೊರೆಯನ್ನು ಅಂಗಳ ದಾಟಿಸಬಾರದು, ಗೋಡೆಯ ಬುಡದಲ್ಲೇ ಹೂಳಬೇಕು. ಮನೆಯ ಚರ್ಮ ಬೀದಿಗೆ ಬಿದ್ದರೆ ಮನೆಯ ಮಾನ ಬೀದಿಗೆ ಬಿದ್ದಂತೆ ಎಂಬುದು ಊರಿನ ಮಾತು. ಹೀಗೆ ಅಜ್ಜ ಮುತ್ತಜ್ಜರ ಕಾಲದಿಂದ ಹೂತು ಹೂತು ಗೋಡೆಬುಡದ ಮಣ್ಣೆಲ್ಲ ಬಣ್ಣದ ಪುಡಿಯಾಗಿದೆ. ಅದರಲ್ಲೇ ಹರಿವೆ, ಮೆಂತ್ಯ ಹಾಕುತ್ತೇವೆ. ಅದರಲ್ಲೇ ಮಕ್ಕಳು ಆಡುತ್ತಾರೆ. ಪೊರೆಯ ಚೂರಿಗೆ ಅವರು ಗೋಡೆಹಪ್ಪಳ ಎನ್ನುತ್ತಾರೆ, ಬಾಯಿಗೂ ಹಾಕಿಕೊಳ್ಳುತ್ತಾರೆ, ಯಾಕೆಂದರೆ ಅದು ಸಿಹಿ. ವಿಷಕ್ಕೆ ಸಿಹಿಯನ್ನು ಏಕೆ ಕೊಟ್ಟೆ ಎಂದು ನಾನು ಲಿಂಗಪೂಜೆಗೆ ಕೂತಾಗ ಶಿವನನ್ನು ಕೇಳಿದ್ದೇನೆ.

ನಮ್ಮ ಕಡೆ ಸಾವಿಗೆ ಹೋಗುವುದನ್ನು ಮಣ್ಣಿಗೆ ಹೋಗುವುದು ಎನ್ನುತ್ತಾರೆ. ಗಂಗಿಯ ಮಣ್ಣಿಗೆ ಊರಿಗೆ ಊರೇ ಬಂದಿತ್ತು. ಕೂಸನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಬಿಲ್ವಪತ್ರೆ ಇಟ್ಟು, ಒಬ್ಬೊಬ್ಬರೇ ಹಿಡಿ ಮಣ್ಣು ಹಾಕಲು ಬಗ್ಗಿದಾಗ ಸೊಸೆ ಅನ್ನಪೂರ್ಣ, "ಅಕಿ ಮ್ಯಾಲೆ ಇನ್ನ ಮಣ್ಣು ಹಾಕಬ್ಯಾಡ್ರೀ, ಸಾಕ್ರೀ," ಎಂದು ಕೂಗಿ ಬಿದ್ದಳು. ಮಂತ್ರ ಹೇಳುತ್ತಿದ್ದ ನನ್ನ ನಾಲಿಗೆ ಅಲ್ಲಿಗೆ ನಿಂತಿತು. ಎಷ್ಟೋ ಮನೆಯ ಹೆಣಗಳ ಮುಂದೆ ನಿಲ್ಲದ ನಾಲಿಗೆ.

ಕ್ರಿಯಾವಿಧಿಗಳು ಮುಗಿಯುವ ಮೊದಲೇ ನಾನು ನೀಲಿಯನ್ನು ಎತ್ತಿಕೊಂಡು ಆ ಡಾಕ್ಟರ್ ಬಾಯಿಯ ಹತ್ತಿರ ಹೋದೆ. ಸೂತಕದಲ್ಲಿ ಹೊರಗೆ ಹೋಗುತ್ತಾರೆಯೇ ಎಂದು ಯಾರೋ ಅಂದರು. ನಮ್ಮ ಧರ್ಮದಲ್ಲಿ ಸೂತಕವಿಲ್ಲ ಎಂದು ಜೀವಮಾನವೆಲ್ಲ ಓದಿ ಹೇಳಿದವನು ನಾನು. ಅದನ್ನು ನಂಬಿದವನು ನಾನೊಬ್ಬನೇ ಎಂದು ಅಂದು ತಿಳಿಯಿತು. ಡಾಕ್ಟರ್ ಬಾಯಿ ನೀಲಿಯ ರಕ್ತ ನೋಡಿದಳು. "ಈ ಕೂಸಿನ ಮೈಯಾಗೂ ಐತ್ರಿ ಅಜ್ಜಾರ. ಅಷ್ಟು ಇಲ್ಲ. ಈಗ ತಡದ್ರ ಉಳೀತಾಳ," ಎಂದಳು. ಏನು ಮಾಡಬೇಕೆಂದು ಅಡುಗೆ ಹೇಳಿಕೊಡುವಂತೆ ಬಿಡಿಸಿ ಹೇಳಿದಳು. ಸೀಸ ಇರುವುದು ಪೊರೆಯ ಬಣ್ಣದಲ್ಲಿ, ಆದ್ದರಿಂದ ಗೋಡೆಬುಡದ ಮೇಲ್ಮಣ್ಣು ತೆಗೆಯಬೇಕು. ಒಣಗಿದ್ದಾಗ ಕೆದರಬಾರದು, ಜರಡಿಯಂತೂ ಹಿಡಿಯಲೇಬಾರದು, ಧೂಳೇ ವೈರಿ. ನೀರು ಚಿಮುಕಿಸಿ ತೋಯಿಸಿ ತೆಗೆದು, ಬೇರೆ ಕಡೆಯ ಒಳ್ಳೆಯ ಮಣ್ಣು ಹಾಕಿ, ಮೇಲೆ ಕಲ್ಲು ಹಾಸಬೇಕು ಇಲ್ಲವೆ ಹುಲ್ಲು ಬೆಳೆಸಬೇಕು. ನೆಲ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಚಪ್ಪಲಿ ಹೊರಗೆ. ಕೂಸಿನ ಕೈಯನ್ನು ಉಣ್ಣುವ ಮೊದಲು, ಮಲಗುವ ಮೊದಲು ತೊಳೆಯಬೇಕು.

"ಮಳಿ ಬರೂದರಾಗ ಮಾಡ್ರಿ," ಎಂದಳು. "ಕೆಸರಾದ್ರ ಕಾಲಿಗೆ ಹತ್ತಿ ಅಡಗಿ ಮನಿತನಕ ಬರ್ತೈತಿ."

ನಾಲ್ಕು ಮಾತು. ಇಷ್ಟನ್ನು ಯಾರಾದರೂ ನಮ್ಮ ಓಣಿಗೆ ಬಂದು ಹೇಳಿದ್ದರೆ ನನ್ನ ಗಂಗಿ ಇರುತ್ತಿದ್ದಳು. ಅಲ್ಲಿಂದ ನೆಟ್ಟಗೆ ಪುರಸಭೆಗೆ ಹೋದೆ. ಮಗು ಕಂಕುಳಲ್ಲೇ ಇತ್ತು.

ಮುಖ್ಯಾಧಿಕಾರಿ ಪಂಪಾಪತಿ ಎದ್ದು ನಿಂತು ಕೈ ಮುಗಿದ. "ಕುಂದರ್ರಿ ಅಯ್ನೋರ. ಭಾಳ ಕೆಟ್ಟಾತು."

"ಮಣ್ಣಿನಾಗ ಸೀಸ ಐತಿ ಅಂತ ನಿಮಗ ಗೊತ್ತಿತ್ತೇನು?"

"ಗೊತ್ತಾದ ಕೂಡ್ಲೆ ಡಂಗುರ ಹೊಡಿಸೇವಲ್ರಿ. ನಮ್ಮ ಕಡಿಂದ ಏನೂ ಲೋಪ ಇಲ್ಲ. ಹಳೆಯ ಮನೆಗಳ ಸುತ್ತಲಿನ ಮಣ್ಣಿನಲ್ಲಿ ಸೀಸವಿರುವುದರಿಂದ ನಿವಾಸಿಗಳು ಸೂಕ್ತ ಕ್ರಮ ಕೈಗೊಳ್ಳತಕ್ಕದ್ದು, ಅಂತ." ಅವನಿಗೆ ಅದು ಬಾಯಿಪಾಠವಾಗಿತ್ತು.

"ಸೂಕ್ತ ಕ್ರಮ ಅಂದ್ರ ಏನು?"

"ಅಂದ್ರ... ಸೂಕ್ತವಾದ ಕ್ರಮ್ರಿ."

ಡಂಗುರದ ದುರುಗಪ್ಪನನ್ನು ಕರೆಸಿದರು. ಬಂದವನು ನನ್ನ ಮುಖ ನೋಡಿ ಬಾಗಿಲಲ್ಲೇ ಕುಸಿದು ಕೂತ. "ಯಪ್ಪಾ, ಚೀಟಿಯಾಗ ಸೀಸ ಅಂತ ಇತ್ರೀ. ಎತ್ವ ಕೊಡೂದು ಮರತಾರ ಅನಕೊಂಡೆ. ಸಾಹೇಬರ ತಪ್ಪು ಊರ ಮುಂದ ಯಾಕ ಎತ್ತಿ ಆಡ್ಲಿ ಅಂತ ನಾನ ತಿದ್ದಿ ಸೀಸೆ ಅಂದೆ," ಎಂದು ಹಣೆ ಬಡಿದುಕೊಂಡ. ನನಗೆ ಅವನ ಮೇಲೆ ಸಿಟ್ಟು ಬರಲಿಲ್ಲ. ಒಂದು ಎತ್ವ ಸೇರಿಸಿ ದೊಡ್ಡವರ ಮಾನ ಕಾಯಲು ಹೋದವನು ಅವನು. ಬಲೆಗುಂಡಿನ ವಿಷ ಎಂದು ಬರೆದುಕೊಟ್ಟಿದ್ದರೆ ಅವನೂ ಹಾಗೇ ಸಾರುತ್ತಿದ್ದ, ಅಂಬಿಗರ ಮಕ್ಕಳಿಂದ ಹಿಡಿದು ಎಲ್ಲರಿಗೂ ತಿಳಿಯುತ್ತಿತ್ತು. ಸಿಟ್ಟು ಬಂದದ್ದು ಕಿಟಕಿಯ ಆಚೆ ನೋಡಿದಾಗ. ಕಚೇರಿಯ ಬಾಗಿಲ ಪಕ್ಕದಲ್ಲೇ ಗಾಜಿನ ಗುಡ್ಡೆ ಬಿದ್ದಿತ್ತು. ಹಸಿರು, ಕಂದು, ಬಿಳಿ. ಊರಿನ ಮಕ್ಕಳು ಬೆರಳು ಕೊಯ್ದುಕೊಂಡು ಆರಿಸಿ ತಂದು ಸುರಿದ ಗುಡ್ಡೆ.

"ಪಂಪಾಪತಿ, ಆ ಗುಡ್ಡಿ ನೋಡಿ ನಿಮಗ ಏನೂ ಅನ್ನಿಸಲಿಲ್ಲೇನು?"

ಅವನು ಕಾಗದ ಸರಿಮಾಡಿದ. "ಜನಕ್ಕ ಸ್ವಚ್ಛತಾ ಬುದ್ಧಿ ಬಂತಲ್ಲ ಅಂತ ಸಂತೋಷ ಆತ್ರಿ. ಆಮ್ಯಾಲೆ ಯಾಕ ಅಂತ ತಿಳೀತು. ಆದ್ರ ಮತ್ತೊಮ್ಮೆ ಡಂಗುರ ಹೊಡಿಸಿದ್ರ ಮೊದಲನೇದು ಯಾಕ ತಪ್ಪಾತು ಅಂತ ಮ್ಯಾಲಿನವರು ಕೇಳ್ತಾರ್ರಿ. ಹ್ಯಾಂಗೂ ಸೀಸೆ ಆರಿಸೂದು ಒಳ್ಳೇದ ಅಲ್ಲೇನ್ರಿ?"

ಕೊಟ್ರಯ್ಯ ಹೇಳಿದ ಇನ್ನೊಂದು ಮಾತು ನನಗೆ ಆಗ ನೆನಪಾಯಿತು. ಹೆಚ್ಚು ಗಾಜು ಆರಿಸಿದ ಓಣಿ ನಮ್ಮದೆಂದು ಈ ಪುಣ್ಯಾತ್ಮನೇ ಬಂದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತನ್ನ ಕೈಯಿಂದ ಪೇಡೆ ತಿನ್ನಿಸಿದ್ದನಂತೆ. ಮೊದಲ ಪೇಡೆ ಗಂಗಿಗೆ.

"ನೀ ನನ್ನ ಮೊಮ್ಮಗಳ ಬಾಯಾಗ ಪೇಡೆ ಇಟ್ಟಾಗ ಅಕಿ ಕೈ ನೋಡಿದೇನು?" ಎಂದೆ. ಆತನಿಗೆ ನಾನು ಏಕವಚನ ಆಡಿದ್ದು ಅದೇ ಮೊದಲು. "ಉಗುರಿನಾಗ ಏನಿತ್ತು ಅಂತ ನಿನಗ ಗೊತ್ತಿತ್ತು. ಇಡೀ ಓಣ್ಯಾಗ ನಿನಗೊಬ್ಬಗ ಗೊತ್ತಿತ್ತು."

ಅವನು ತಲೆ ತಗ್ಗಿಸಿದ. ತೆಗೆದ ಮಣ್ಣನ್ನು ಎಲ್ಲಿ ಹಾಕಲಿ ಎಂದು ಕೇಳಿದೆ. ತಲೆ ಎತ್ತದೆಯೇ, ಹಳೆಯ ಕಲ್ಲುಗಣಿ ಕೊಡಬೇಕಾದರೆ ಮೇಲಿನವರ ಅಪ್ಪಣೆ ಬರಬೇಕು, ಅದಕ್ಕೆ ಮಳೆಗಾಲ ಮುಗಿಯುತ್ತದೆ ಎಂದ. ಆ ಗಣಿ ಊರ ಹೊರಗಿನ ಬಂಡೆಯ ನಡುವೆ ಇದೆ. ಅಲ್ಲಿ ನೀರಿಲ್ಲ, ದನ ಹೋಗುವುದಿಲ್ಲ, ಬೇಲಿಯ ಗೇಟಿಗೆ ಪುರಸಭೆಯ ಬೀಗವಿದೆ. ಅದನ್ನು ಬಿಟ್ಟರೆ ಉಳಿಯುವುದು ಹೊಳೆಯ ದಂಡೆ. ಅಲ್ಲಿ ಸುರಿದರೆ ಆಚೆ ದಂಡೆಯ ಮಕ್ಕಳು ಕುಡಿಯುವ ನೀರಿಗೆ ನಮ್ಮ ವಿಷ ಕೊಟ್ಟಂತಾಗುತ್ತದೆ. "ಅಪ್ಪಣಿ ಬರೂತನಕ ಈ ಕೂಸು ನೆಲ ಮುಟ್ಟದಂಗ ಹಾರಾಡಬೇಕೇನು?" ಎಂದು ಕೇಳಿ ಎದ್ದು ಬಂದೆ.

ಮರುದಿನ ಬೆಳಿಗ್ಗೆ ಸಲಿಕೆ ಹಿಡಿದು ಅಂಗಳಕ್ಕಿಳಿದಾಗ ಓಣಿಯ ಜನ ಸೇರಿತು. ಮುಂದೆ ಮಲ್ಲಶೆಟ್ಟಿ. ಊರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಪೊರೆ ಕಂಡ ಮನೆ ಅವನದು, ಅದರ ಗರ್ವವೂ ಅಷ್ಟೇ ದಪ್ಪ.

"ಅಯ್ನೋರ, ದುಃಖದಾಗ ಇದ್ದೀರಿ, ಖರೆ. ಆದ್ರ ಪೊರಿ ಮಣ್ಣು ಅಂಗಳ ದಾಟಿಸಬಾರದು. ಮನಿ ಮಾನ ಹೋಗ್ತೈತಿ. ಶಾಸ್ತ್ರ ಬಲ್ಲವರು ನೀವು, ನಿಮಗ ನಾ ಹೇಳೂದೇನು?"

"ಶಾಸ್ತ್ರ ಓದಿದವನು ನಾನ. ಅದರಾಗ ಈ ಮಾತು ಎಲ್ಲೂ ಇಲ್ಲ. ಇದ್ದಿದ್ರ ಆ ಹಾಳಿ ಹರಿದು ಒಲಿಗೆ ಹಾಕ್ತಿದ್ದೆ."

ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಶೆಟ್ಟಿ ಬಿಡಲಿಲ್ಲ. "ಹಂಗಂದ್ರ ಹ್ಯಾಂಗ್ರಿ? ಹೋದ ಮಾನ ತಿರಿಗಿ ಬರತೈತೇನು?"

"ಬರತೈತಿ ಶೆಟ್ರ. ನೀವ ಎಷ್ಟು ಸಲ ತಂದುಕೊಂಡೀರಿ."

ಹಿಂದಿದ್ದ ಯಾರೋ ಕಿಸಕ್ಕೆಂದರು. ಸಾವಿನ ಮನೆಯ ಅಂಗಳದಲ್ಲಿ ನಗಬಾರದೆಂದು ನೆನಪಾಗಿ ಆ ನಗು ಕೆಮ್ಮಾಯಿತು. ನಾನು ದನಿ ಇಳಿಸಿದೆ. "ಹಾವು ತನ್ನ ಪೊರಿ ಬಿಟ್ಟು ಮುಂದ ಹೋಗ್ತೈತಿ, ತಿರಿಗಿ ನೋಡೂದಿಲ್ಲ. ಹಾವಿಗಿರೂ ತಿಳುವಳಿಕಿ ನಮಗಿಲ್ಲ. ಬಿಟ್ಟ ಚರ್ಮ ಹೊಸಲ ಮುಂದ ಹೂತು, ಅದರಾಗ ಸೊಪ್ಪು ಬೆಳದು, ಬಸರಿಗೆ ಉಣಿಸಿ, ಮಕ್ಕಳನ್ನ ಆಡಾಕ ಬಿಟ್ಟೇವಿ. ಶೆಟ್ರ, ನಿಮ್ಮ ಮನ್ಯಾಗೂ ಕೂಸು ಅದಾವು. ಅವಕ್ಕ ಹೊಟ್ಟಿನೋವು ಇಲ್ಲಂತ ನನ್ನ ಮಾರಿ ನೋಡಿ ಹೇಳ್ರಿ, ಈ ಸಲಿಕಿ ಇಲ್ಲೇ ಇಡ್ತೇನಿ."

ಮಲ್ಲಶೆಟ್ಟಿ ನನ್ನ ಮುಖ ನೋಡಲಿಲ್ಲ. ಅವನ ಹೆಂಡತಿ ಜನರ ನಡುವಿಂದ ಬಂದು, "ಸಣ್ಣಂವ ದಿನಾ ಅಳತಾನ್ರೀ ಅಯ್ನೋರ, ಔಡಲೆಣ್ಣಿ ಕೊಟ್ಟೂ ಕೊಟ್ಟೂ ಸಾಕಾಗೈತಿ," ಎಂದಳು.

ಅಷ್ಟರಲ್ಲಿ ಅನ್ನಪೂರ್ಣ ಒಳಗಿಂದ ಬಂದಳು. ಮಣ್ಣು ಕೊಟ್ಟ ದಿನದಿಂದ ಅವಳು ಮಾತಾಡಿರಲಿಲ್ಲ. ಕೊಡದ ನೀರನ್ನು ಗೋಡೆಯ ಬುಡಕ್ಕೆ ನಿಧಾನವಾಗಿ, ಗಿಡಕ್ಕೆ ಹಾಕುವಂತೆ ಸುತ್ತಲೂ ಹಾಕುತ್ತ ಬಂದಳು. ಖಾಲಿಯಾದ ಮೇಲೆ ಸುತ್ತ ನಿಂತವರಿಗೆ, "ಜರಡಿ ಹಿಡಿಯಾಕ ಎಲ್ಲಾರೂ ಬಂದಿದ್ರೆಲ್ಲ, ಈಗ್ಯಾಕ ನಿಂತೀರಿ?" ಎಂದಳು.

ಹೆಂಗಸರು ಒಬ್ಬೊಬ್ಬರೇ ಮನೆಗೆ ಹೋಗಿ ಕೊಡ ತಂದರು. ಗಂಡಸರು ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡರು. ಬಣ್ಣದ ಚುಕ್ಕೆಗಳಿದ್ದ ಆ ಮಣ್ಣನ್ನು ಕೆಳಗಿನ ಕಪ್ಪುಮಣ್ಣು ಕಾಣುವವರೆಗೂ ಕೆತ್ತಿ ಚಕ್ಕಡಿಗೆ ತುಂಬಿ, ಮೇಲೆ ಒದ್ದೆ ಗೋಣಿಚೀಲ ಹೊದೆಸಿದೆವು. ಎತ್ತಿನ ಹಗ್ಗ ನಾನೇ ಹಿಡಿದೆ. ಕಲ್ಲುಗಣಿಯ ದಾರಿ ಬಲಕ್ಕೆ ತಿರುಗುತ್ತದೆ. ನಾನು ಎಡಕ್ಕೆ ತಿರುಗಿಸಿದೆ.

ಚಕ್ಕಡಿ ಪುರಸಭೆಯ ಬಾಗಿಲಿಗೆ ನಿಂತಾಗ ಪಂಪಾಪತಿ ಮೆಟ್ಟಿಲಿಳಿದು ಬಂದ.

"ಏನ್ರಿ ಇದು?"

"ಗಣಿ ಬೀಗ ತೆಗೆಯಾಕ ಮಳಿಗಾಲ ಮುಗೀಬೇಕಂದ್ರೆಲ್ಲ. ಅಲ್ಲಿತನಕ ನಿಮ್ಮ ಅಂಗಳದಾಗ ಇರಲಿ. ಕೊಟ್ರಾ, ಗೋಣಿ ತಗೀ."

ಕೊಟ್ರಯ್ಯ ಗೋಣಿಯ ತುದಿಗೆ ಕೈ ಹಾಕಿದನಷ್ಟೆ. ಮುಖ್ಯಾಧಿಕಾರಿ ಹೆಗಲ ಮೇಲಿನ ವಲ್ಲಿಯಿಂದ ಮೂಗು ಮುಚ್ಚಿಕೊಂಡು ಎರಡು ಮೆಟ್ಟಿಲು ಹಿಂದಕ್ಕೆ ಹಾರಿದ.

"ಅಯ್ಯಯ್ಯೋ, ಇಲ್ಲಿ ಬ್ಯಾಡ್ರೀ! ತಗೀಬ್ಯಾಡ್ರೀ! ಅದು ವಿಷ ಐತ್ರೀ, ವಿಷ!"

ಬೀದಿಯ ಜನವೆಲ್ಲ ಅವನ ಕಡೆ ತಿರುಗಿತು. ತಾನು ಏನೆಂದೆ ಎಂಬುದು ಅವನಿಗೂ ಆಮೇಲೆ ಹೊಳೆಯಿತು.

ವಿಷ. ಎರಡೇ ಅಕ್ಷರ. ಎತ್ವ ಬೇಡ, ದೀರ್ಘ ಬೇಡ, ಸೂಕ್ತ ಕ್ರಮ ಬೇಡ. ತೊಟ್ಟಿಲು ಬಿಟ್ಟ ಕೂಸಿಗೂ ತಿಳಿಯುವ ಮಾತು. ಆ ಮಾತು ಈ ಮನುಷ್ಯನ ಬಾಯಲ್ಲಿ ಮೊದಲಿಂದಲೂ ಇತ್ತು. ನಮ್ಮ ಅಂಗಳದಲ್ಲಿದ್ದಾಗ ಅದು ಸೀಸ, ಅವನ ಅಂಗಳಕ್ಕೆ ಬಂದಾಗ ವಿಷ. ನಮ್ಮ ಮಕ್ಕಳಿಗೆ ಒಂದು ಭಾಷೆ, ತನಗೆ ಒಂದು ಭಾಷೆ. ಎಷ್ಟೋ ಪುರಾಣ ಓದಿದ್ದೇನೆ, ಎಷ್ಟೋ ರಾಕ್ಷಸರ ಹೆಸರು ಬಾಯಿಪಾಠವಿದೆ. ಅವರಲ್ಲಿ ಯಾರೂ ಹೀಗೆ ಕಾಗದದ ಹಿಂದೆ ಕೂತು ಕೂಸನ್ನು ಕೊಂದವರಿಲ್ಲ.

"ಈ ಮಾತು ಅವತ್ತ ಯಾಕ ಬರಲಿಲ್ಲ?" ಎಂದು ನಾನು ಕೇಳಿದೆ. ಉತ್ತರ ಕೊಟ್ಟವನು ದುರುಗಪ್ಪ. ಮೂಲೆಯಲ್ಲಿ ನಿಂತಿದ್ದವನು ಹಲಗೆ ಹೆಗಲಿಗೇರಿಸಿ ಬೀದಿಯ ನಡುವೆ ಬಂದು ಹಿಂದೆಂದೂ ಬಾರಿಸದಷ್ಟು ಜೋರಾಗಿ ಬಾರಿಸಿದ. "ಕೇಳ್ರಪ್ಪೋ ಕೇಳ್ರಿ! ಹಳೇ ಮನಿ ಸುತ್ತಲ ಮಣ್ಣಿನಾಗ ವಿಷ ಐತಿ ಅಂತ ಸಾಹೇಬರು ತಮ್ಮ ಬಾಯ್ಲೇ ಹೇಳ್ಯಾರಪ್ಪೋ! ಸೀಸೆ ಅಲ್ಲ, ಬಲಿಗುಂಡಿನ ಸೀಸ! ತೋಯಿಸಿ ತಗೀರಿ, ಮಕ್ಕಳ ಕೈ ತೊಳೀರಿ!" ಯಾರೂ ಚೀಟಿ ಬರೆದುಕೊಟ್ಟಿರಲಿಲ್ಲ. ಹಾಗೆಯೇ ಸಾರುತ್ತ ಓಣಿಓಣಿಗೆ ಹೋದ.

ಗಣಿಯ ಬೀಗದ ಕೈ ಆಗಲೇ ಹೊರಗೆ ಬಂತು. ಯಾವ ಮೇಲಿನವರ ಅಪ್ಪಣೆಯೂ ಬೇಕಾಗಲಿಲ್ಲ.

ಮುಂಗಾರು ಬರುವ ಹೊತ್ತಿಗೆ ನಮ್ಮ ಓಣಿಯ ಮನೆಗಳ ಸುತ್ತ ಹೊಸ ಮಣ್ಣು, ಮೇಲೆ ಹಾಸುಗಲ್ಲು. ಮಲ್ಲಶೆಟ್ಟಿಯ ಮನೆಯದು ಕೊನೆಗೆ ಆಯಿತು. ಜನ ನೋಡದ ಹೊತ್ತಿನಲ್ಲಿ ಮಾಡಿಸಬೇಕೆಂದು ಅವನಿಗೆ ಆಸೆ ಇತ್ತು, ಅವನ ಹೆಂಡತಿ ಊಟದ ಹೊತ್ತಿಗೇ ಚಕ್ಕಡಿ ತರಿಸಿದಳು. ಕೆಳಗಿನ ಓಣಿಗಳಲ್ಲಿ ಕೆಲಸ ಅರ್ಧಕ್ಕೆ ನಿಂತಿದೆ. ಅಲ್ಲಿ ಚಕ್ಕಡಿ ಇಲ್ಲ, ಗಂಡಸರು ದುಡಿಯಲು ಹೋಗಿದ್ದಾರೆ, ಮಳೆ ಶುರುವಾಗಿದೆ. ನಾನು ದಿನವೂ ಅಲ್ಲಿಗೆ ಹೋಗಿ ಹೆಂಗಸರಿಗೆ ಒರೆಸುವ ಬಟ್ಟೆ, ಕೈ ತೊಳೆಯುವ ಮಾತು ಹೇಳಿ ಬರುತ್ತೇನೆ. ಪುರಾಣಕ್ಕಿಂತ ಅದನ್ನೇ ಹೆಚ್ಚು ಓದಿದಂತಾಗಿದೆ. ಪುರಸಭೆ ಮಾತ್ರ ಬಸ್ಸು ನಿಲ್ಲುವ ಜಾಗದಲ್ಲಿ ದೊಡ್ಡ ಬೋರ್ಡು ನಿಲ್ಲಿಸಿದೆ: ಸೀಸೆಮುಕ್ತ ಪಟ್ಟಣಕ್ಕೆ ಸ್ವಾಗತ. ಆ ಎತ್ವ ಯಾರು ಕೊಟ್ಟರೋ ಗೊತ್ತಿಲ್ಲ. ದುರುಗಪ್ಪ ಆಣೆ ಇಟ್ಟು ತಾನಲ್ಲ ಎನ್ನುತ್ತಾನೆ. ಪಂಪಾಪತಿ ಇನ್ನೂ ಅದೇ ಕುರ್ಚಿಯಲ್ಲಿ ಕೂತಿದ್ದಾನೆ, ನಾನು ಹೋದಾಗೆಲ್ಲ ಎದ್ದು ಕೈ ಮುಗಿಯುತ್ತಾನೆ. ನಾನು ಮುಗಿಯುವುದಿಲ್ಲ.

ನಿನ್ನೆ ನೀಲಿಯನ್ನು ಮತ್ತೆ ದವಾಖಾನೆಗೆ ಕರೆದೊಯ್ದಿದ್ದೆವು. ರಕ್ತದಲ್ಲಿ ಇಳಿದಿದೆಯಂತೆ, ಇನ್ನೂ ಇಳಿಯಬೇಕಂತೆ, ಬಿಡದೆ ತೋರಿಸುತ್ತಿರಬೇಕಂತೆ. ಮನೆಗೆ ಬಂದ ಮೇಲೆ ಅನ್ನಪೂರ್ಣ ಅವಳನ್ನು ಹಾಸುಗಲ್ಲಿನ ಮೇಲೆ ಇಳಿಸಿದಳು. ಗಂಗಿ ಹೋದ ಮೇಲೆ ಮೊದಲ ಬಾರಿ ಅಂಗಳಕ್ಕೆ ಇಳಿಸಿದ್ದು. ಮಗು ಗೋಡೆ ಹಿಡಿಯಲು ಕೈ ಚಾಚಿತು, ತಾಯಿ ತನ್ನ ಬೆರಳು ಕೊಟ್ಟಳು. ಅದನ್ನು ಹಿಡಿದು ಎದ್ದು ನಿಂತು ಹೆಜ್ಜೆ ಇಟ್ಟಿತು. ಅನ್ನಪೂರ್ಣ ನಕ್ಕಳು, ನಗುತ್ತಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಒಳಗೆ ಹೋಗಿ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕೂತೆ.

ತಂದೆ, ನನ್ನ ಸಿಟ್ಟನ್ನು ಇಳಿಸು ಎಂದು ಬೇಡುವುದಿಲ್ಲ. ಕೆಳಗಿನ ಓಣಿಗಳ ಅಂಗಳದ ಮಣ್ಣು ತೆಗೆದು ಮುಗಿಯುವವರೆಗೆ ಅದು ನನಗೆ ಬೇಕು. ನನ್ನ ಕೂಸಿಗಾಗಿ ಬೇಡುತ್ತೇನೆ. ಊರು ಹೇಳಿದ್ದನ್ನು ನಂಬಿ, ಬಿಸಿಲಲ್ಲಿ ಕೂತು, ಕೊಟ್ಟ ಕೆಲಸವನ್ನು ಚೆನ್ನಾಗಿ ಮಾಡಿದವಳು ಅವಳು. ಅವಳಿಂದ ಇನ್ನು ಯಾವ ಕೆಲಸವನ್ನೂ ಮಾಡಿಸಬೇಡ. ಅವಳ ಹೊಟ್ಟೆಯ ನೋವು ನಿಲ್ಲಲಿ, ಉಗುರುಗಳು ಶುಭ್ರವಾಗಲಿ. ನಿನ್ನ ಮಡಿಲಲ್ಲಿ ಕೂರಿಸಿಕೋ, ನಿನ್ನಲ್ಲೇ ಐಕ್ಯ ಮಾಡಿಕೋ. ಗಂಗಾಂಬಿಕೆ ಎಂಬ ಆ ಸಣ್ಣ ಜೀವಕ್ಕೆ ಶಾಂತಿ ಕೊಡು, ಶಿವನೇ, ಶಾಂತಿ ಕೊಡು.